ಡೇವಿಡ್ ಲೀನ್: ರಷ್ಯಾದ ಹಿಮದಿಂದ ಸಾವನದುರ್ಗದ ಬಂಡೆಯವರೆಗೆ

ರಾಮನಗರದ ಬಂಡೆಗಳ ಹೆಸರೆತ್ತಿದೊಡನೆ ಚಿತ್ರರಸಿಕರಿಗೆ ‘ಶೋಲೆ’ ನೆನಪಾಗುತ್ತದೆ. 1975ರಲ್ಲಿ ಆ ಚಿತ್ರ ತೆರೆಕಂಡ ಕೆಲವು ವರ್ಷಗಳ ಬಳಿಕ ಅದೇ ಸೀಮೆಗೆ ಎಪ್ಪತ್ತೈದು ವರ್ಷದ ಇಂಗ್ಲಿಷ್ ನಿರ್ದೇಶಕರೊಬ್ಬರು ಚಿತ್ರೀಕರಣಕ್ಕಾಗಿ ಬಂದರು. ಒಂದು ದಶಕಕ್ಕೂ ಮೀರಿ ಅವರ ಹೊಸ ಕಥಾಚಿತ್ರ ಹೊರಬಂದಿರಲಿಲ್ಲ. ಅವರೇ ‘ಡಾಕ್ಟರ್ ಝಿವಾಗೋ’ ಚಿತ್ರದ ನಿರ್ದೇಶಕ ಡೇವಿಡ್ ಲೀನ್.

ಲೀನ್ 1908ರ ಮಾರ್ಚ್ 25ರಂದು ಲಂಡನ್ ಸಮೀಪದ ಕ್ರಾಯ್ಡನ್‌ನಲ್ಲಿ ಜನಿಸಿದರು. ತಂದೆತಾಯಿ ಕ್ವೇಕರ್ ಎಂಬ ಕ್ರೈಸ್ತ ಪಂಥದವರು. ಆ ಮನೆಯಲ್ಲಿ ಸಿನಿಮಾ ನಿಷಿದ್ಧವಾಗಿತ್ತು. ಓದಿನಲ್ಲಿ ಹಿಂದುಳಿದ ಈ ಹುಡುಗನ ಬಗ್ಗೆ ಹೆಚ್ಚಿನ ಭರವಸೆ ಯಾರಿಗೂ ಇರಲಿಲ್ಲ. ತಮ್ಮನಿಗೆ ಆಕ್ಸ್‌ಫರ್ಡ್ ದೊರೆಯಿತು. ಇವರಿಗೆ ದೊರೆತದ್ದು ತಂದೆಯ ಲೆಕ್ಕಪತ್ರ ಕಚೇರಿಯ ಕೆಲಸ. ಬಾಲ್ಯದಲ್ಲಿ ಬಂಧುವೊಬ್ಬರು ಕೊಟ್ಟ ಪುಟ್ಟ ಕ್ಯಾಮೆರಾ ಮಾತ್ರ ಅವರ ಒಳಗಣ್ಣನ್ನು ತೆರೆಸಿತ್ತು. 1927ರಲ್ಲಿ ಕಚೇರಿಯನ್ನು ತೊರೆದು ಗೌಮಾಂಟ್ ಸ್ಟುಡಿಯೋ ಸೇರಿದರು. ಚಹಾ ತಂದುಕೊಡುವ ಹುಡುಗನಾಗಿ ಒಳಹೊಕ್ಕವರು ಕೆಲವೇ ವರ್ಷಗಳಲ್ಲಿ ಸಂಕಲನಕಾರರಾದರು.

ಯಾವ ದೃಶ್ಯವನ್ನು ಎಲ್ಲಿ ಕತ್ತರಿಸಬೇಕು, ಯಾವುದನ್ನು ತೋರಿಸದೆ ಬಿಡಬೇಕು ಎಂಬ ವಿವೇಕವನ್ನು ಅವರು ಪಡೆದದ್ದು ಸಂಕಲನದ ಮೇಜಿನ ಮುಂದೆ. ರೈಲುನಿಲ್ದಾಣದಲ್ಲಿ ಕೂಡಿ ಅಗಲುವ ಇಬ್ಬರು ವಿವಾಹಿತರ ಕಥೆಯಾದ ‘ಬ್ರೀಫ್ ಎನ್‌ಕೌಂಟರ್’ (1945) ಅವರಿಗೆ ಕೀರ್ತಿ ತಂದಿತು. ‘ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್’ (1957), ‘ಲಾರೆನ್ಸ್ ಆಫ್ ಅರೇಬಿಯಾ’ (1962) ಚಿತ್ರಗಳಿಗೆ ತಲಾ ಏಳು ಆಸ್ಕರ್ ಪ್ರಶಸ್ತಿಗಳು ಬಂದವು.

ಅನಂತರ ಲೀನ್ ಕೈಗೆತ್ತಿಕೊಂಡದ್ದು ಬೊರಿಸ್ ಪಾಸ್ತರ್ನಾಕ್ ಅವರ ಕಾದಂಬರಿಯನ್ನು. ತಾಯ್ನಾಡಿನಲ್ಲಿ ಪ್ರಕಟಣೆಗೆ ಅವಕಾಶವಿಲ್ಲದೆ 1957ರಲ್ಲಿ ಇಟಲಿಯಲ್ಲಿ ಅಚ್ಚಾದ ಕೃತಿ ಅದು. ಮರುವರ್ಷ ಘೋಷಣೆಯಾದ ನೊಬೆಲ್ ಪ್ರಶಸ್ತಿಯನ್ನು ಲೇಖಕರು ಒತ್ತಡಕ್ಕೆ ಮಣಿದು ನಿರಾಕರಿಸಬೇಕಾಯಿತು. ಮಹಾಯುದ್ಧ, ಕ್ರಾಂತಿ, ಅಂತರ್ಯುದ್ಧಗಳ ನಡುವೆ ವೈದ್ಯನೂ ಕವಿಯೂ ಆದ ಯೂರಿ ಝಿವಾಗೋ ತನ್ನ ಸಂಸಾರ ಮತ್ತು ಲಾರಾಳ ಮೇಲಿನ ಪ್ರೇಮ ಎರಡನ್ನೂ ಕಳೆದುಕೊಳ್ಳುತ್ತಾನೆ. ರಾಜ್ಯಗಳು ಮಗುಚುವಾಗ ಒಂದು ಮನೆ ಏನಾಗುತ್ತದೆ ಎಂಬುದೇ ಆ ಕಥೆಯ ಪ್ರಶ್ನೆ. ಹೈದರಾಬಾದ್ ಸಂಸ್ಥಾನದಲ್ಲಿದ್ದ ಉಮರ್ಗಾ, ನಿಲಂಗಾ, ಉದಗೀರ ಸೀಮೆಯಲ್ಲಿ 1948ರ ರಜಾಕಾರರ ದಿನಗಳ ನೆನಪನ್ನು ಹಿರಿಯರಿಂದ ಕೇಳಿದವರಿಗೆ ಆ ಪ್ರಶ್ನೆ ಅಪರಿಚಿತವಲ್ಲ.

ಸೋವಿಯತ್ ನೆಲದಲ್ಲಿ ಚಿತ್ರೀಕರಣ ಸಾಧ್ಯವಿರಲಿಲ್ಲ. ಸ್ಪೇನಿನ ಮ್ಯಾಡ್ರಿಡ್ ಬಳಿ ಮಾಸ್ಕೋದ ಬೀದಿಗಳನ್ನು ಕಟ್ಟಲಾಯಿತು. ಹೆಪ್ಪುಗಟ್ಟಿದ ಮನೆಯ ಒಳಾಂಗಣವನ್ನು ಮೇಣದಿಂದ ಸೃಷ್ಟಿಸಲಾಯಿತು. ಮೆರವಣಿಗೆಯ ಮೇಲೆ ಕುದುರೆಸವಾರರು ಎರಗುವ ಘಟ್ಟದಲ್ಲಿ ಲೀನ್ ಹತ್ಯೆಯನ್ನು ವಿವರವಾಗಿ ತೋರಿಸುವುದಿಲ್ಲ. ಅದನ್ನು ಮೇಲಿನಿಂದ ನೋಡುತ್ತಿರುವ ಯೂರಿಯ ಮುಖವನ್ನು ತೋರಿಸುತ್ತಾರೆ. ಹೇಳದೆ ಉಳಿಸಿದ್ದೇ ಧ್ವನಿಯಾಗುವ ಕಾವ್ಯಮಾರ್ಗ ಇಲ್ಲಿ ಚಿತ್ರಮಾರ್ಗವೂ ಆಗಿದೆ.

1965ರ ಕೊನೆಯಲ್ಲಿ ಚಿತ್ರ ತೆರೆಕಂಡಾಗ ಅನೇಕ ವಿಮರ್ಶಕರು ಅದನ್ನು ಹಳಿದರು. ಪ್ರೇಕ್ಷಕರು ಮಾತ್ರ ಮುಗಿಬಿದ್ದು ನೋಡಿದರು. ಐದು ಆಸ್ಕರ್ ಪ್ರಶಸ್ತಿಗಳೂ ಬಂದವು. ಆದರೆ 1970ರ ‘ರಯಾನ್ಸ್ ಡಾಟರ್’ ಬಂದಾಗ ಟೀಕೆ ಇನ್ನಷ್ಟು ಕಟುವಾಯಿತು. ನ್ಯೂಯಾರ್ಕಿನ ಸಭೆಯೊಂದರಲ್ಲಿ ವಿಮರ್ಶಕರು ಲೀನ್ ಅವರನ್ನು ಎದುರಿಗೆ ಕೂರಿಸಿಕೊಂಡೇ ಜರೆದರು. ಆ ಗಾಯ ಆಳವಾಗಿ ಇಳಿಯಿತು. ಕೈಗೆತ್ತಿಕೊಂಡ ಬೇರೆ ಯೋಜನೆಯೂ ಕೈಗೂಡಲಿಲ್ಲ. ಮುಂದಿನ ಚಿತ್ರಕ್ಕೆ ಹದಿನಾಲ್ಕು ವರ್ಷ ಹಿಡಿಯಿತು. ಬಾಳಿನಲ್ಲಿಯೂ ಅವರಿಗೆ ನೆಲೆ ಸುಲಭವಾಗಿ ದಕ್ಕಲಿಲ್ಲ. ಆರು ಬಾರಿ ವಿವಾಹವಾದರು.

ಮೌನ ಮುರಿದದ್ದು ಕರ್ನಾಟಕದಲ್ಲಿ. ಇ. ಎಂ. ಫಾರ್ಸ್ಟರ್ ಅವರ ‘ಎ ಪ್ಯಾಸೇಜ್ ಟು ಇಂಡಿಯಾ’ ಕಾದಂಬರಿಗೆ ಲೀನ್ ಸ್ವತಃ ಚಿತ್ರಕಥೆ ಬರೆದರು. ಬಿಹಾರದ ಬರಾಬರ್ ಗುಹೆಗಳ ನೆನಪಿನಲ್ಲಿ ಕಾದಂಬರಿಕಾರರು ಕಲ್ಪಿಸಿದ್ದ ಮರಾಬಾರ್ ಗುಹೆಗಳಿಗೆ ಸಾವನದುರ್ಗ ಮತ್ತು ರಾಮದೇವರಬೆಟ್ಟದ ಬಂಡೆಗಳು ರೂಪ ಕೊಟ್ಟವು. ಬೆಂಗಳೂರಿನಲ್ಲಿಯೂ ಚಿತ್ರೀಕರಣ ನಡೆಯಿತು. ಸಂಕಲನದ ಹೊಣೆಯನ್ನೂ ಲೀನ್ ತಾವೇ ಹೊತ್ತು, ತಾರುಣ್ಯದ ಕಸುಬಿಗೆ ಮರಳಿದರು. 1984ರಲ್ಲಿ ಬಿಡುಗಡೆಯಾದ ಚಿತ್ರ ಹನ್ನೊಂದು ಆಸ್ಕರ್ ನಾಮನಿರ್ದೇಶನ ಪಡೆದು ಎರಡನ್ನು ಗೆದ್ದಿತು.

ಕೊನ್ರಾಡ್ ಅವರ ‘ನಾಸ್ಟ್ರೋಮೋ’ ಕಾದಂಬರಿಯನ್ನು ತೆರೆಗೆ ತರುವ ಸಿದ್ಧತೆಯಲ್ಲಿದ್ದಾಗಲೇ, 1991ರ ಏಪ್ರಿಲ್ 16ರಂದು ಲೀನ್ ಲಂಡನ್ನಿನಲ್ಲಿ ನಿಧನರಾದರು. ಪಾಸ್ತರ್ನಾಕ್ ಅವರ ಕಾದಂಬರಿ 1988ರಲ್ಲಿ ತಾಯ್ನಾಡಿನಲ್ಲಿ ಅಚ್ಚಾಯಿತು; ಲೀನ್ ಅವರ ಚಿತ್ರ 1994ರಲ್ಲಿ ರಷ್ಯಾದ ಪ್ರೇಕ್ಷಕರೆದುರು ಬಂದಿತು. ಕೃತಿಗಳಿಗೆ ಕಾಯುವ ಆಯುಷ್ಯವಿತ್ತು, ಕೃತಿಕಾರರಿಗೆ ಇರಲಿಲ್ಲ. ‘ಝಿವಾಗೋ’ವನ್ನು ಅಂದು ಹಳಿದ ಬರಹಗಳನ್ನು ಇಂದು ಹುಡುಕಿ ಓದುವವರು ವಿರಳ, ಚಿತ್ರವನ್ನು ನೋಡುವವರು ಇದ್ದಾರೆ. ಆದರೂ ಆ ಹದಿನಾಲ್ಕು ವರ್ಷಗಳಲ್ಲಿ ಮೂಡಬಹುದಾಗಿದ್ದ ಚಿತ್ರಗಳು ಯಾರಿಗೂ ದಕ್ಕಲಿಲ್ಲ. ನಾಳೆ ವಿಮರ್ಶೆಯ ಲೇಖನಿ ಹಿಡಿಯುವ ಸಾಹಿತ್ಯ ವಿದ್ಯಾರ್ಥಿಗಳು ಲೀನ್ ಅವರ ಬಾಳಿನ ಈ ನಷ್ಟವನ್ನೂ ನೆನಪಿನಲ್ಲಿಡುವುದು ಒಳಿತು.