ಬುತ್ತಿಯ ಗಂಟು: ಜಪಾನಿನ ಅತಿಥಿಗೆ ವಡಗೇರಾ ಸೀಮೆಯ ಉಡುಗೊರೆ

ವಿದ್ಯೆಗಾಗಿಯೋ ಭಾಷೆಯ ಅಭ್ಯಾಸಕ್ಕಾಗಿಯೋ ಪರನಾಡಿನಿಂದ ಬಂದ ಕಿರಿಯರನ್ನು ಒಂದು ಕುಟುಂಬವು ಕೆಲವು ವಾರಗಳ ಮಟ್ಟಿಗೆ ತನ್ನ ಮನೆಯಲ್ಲಿರಿಸಿಕೊಂಡು, ತಾನು ಉಣ್ಣುವುದನ್ನೇ ಅವರಿಗೂ ಉಣಬಡಿಸಿ, ಮನೆಯ ಮಕ್ಕಳೊಡನೆ ಅವರನ್ನೂ ಸಮನಾಗಿ ನೋಡಿಕೊಳ್ಳುವ ಹೋಮ್‌ಸ್ಟೇ ಎಂಬ ಪದ್ಧತಿಯು ನೀವು ನೆಲೆಸಿರುವ ದೂರದೇಶಗಳಲ್ಲಿ ಉಂಟೆಂಬುದು ನಿಮಗೆ ತಿಳಿದದ್ದೇ. ಹಾಗೆ ಜಪಾನಿನಿಂದ ಬಂದ ಅತಿಥಿಯೊಬ್ಬರು ನಿಮ್ಮ ಮನೆಯಲ್ಲಿದ್ದು, ಈಗ ತಮ್ಮೂರಿಗೆ ಹಿಂದಿರುಗುವ ಸಿದ್ಧತೆಯಲ್ಲಿದ್ದಾರೆ ಎನ್ನಿ. ಅವರ ಕೈಯಲ್ಲಿ ಏನನ್ನು ಕೊಟ್ಟು ಕಳುಹಬೇಕು? ಅಂಗಡಿಯಲ್ಲಿ ಬೆಲೆಯ ಚೀಟಿಗಳನ್ನು ತಿರುವಿ ನೋಡುತ್ತ ನಿಂತವರಿಗೆ ಈ ಪ್ರಶ್ನೆಯ ಉತ್ತರ ದೊರೆಯುವುದು ಕಷ್ಟ. ಆದರೆ ಕೃಷ್ಣಾ-ಭೀಮಾ ನದಿಗಳ ನಡುವಣ ವಡಗೇರಾ ಸೀಮೆಯಲ್ಲಿ ಅತಿಥಿಗಳನ್ನು ಬೀಳ್ಕೊಡುವ ರೀತಿಯನ್ನು ಬಲ್ಲವರಿಗೆ, ಆ ಉತ್ತರವು ಮನೆಯ ಅಡುಗೆಯ ಕೋಣೆಯಲ್ಲಿಯೂ ಬಟ್ಟೆಯ ಪೆಟ್ಟಿಗೆಯಲ್ಲಿಯೂ ಅನಾಯಾಸವಾಗಿ ಸಿಕ್ಕೀತು.

ವಡಗೇರಾ ಯಾದಗಿರಿ ಜಿಲ್ಲೆಯ ಊರು. ಬಹುಕಾಲ ಶಹಾಪುರ ತಾಲ್ಲೂಕಿಗೆ ಸೇರಿದ್ದ ಅದು ಈಚಿನ ವರ್ಷಗಳಲ್ಲಿ ತಾನೇ ತಾಲ್ಲೂಕಿನ ಕೇಂದ್ರವಾಯಿತು. ಜಿಲ್ಲೆಯಾದರೂ 2009ರ ಕೊನೆಯಲ್ಲಿ ಕಲಬುರಗಿಯಿಂದ ಬೇರ್ಪಟ್ಟು ರೂಪುಗೊಂಡದ್ದು. ಪಶ್ಚಿಮದಲ್ಲಿ ಶಹಾಪುರದ ಬೆಟ್ಟಸಾಲು. ಅದರಾಚೆ, 1857ರ ಸಂಗ್ರಾಮದ ದಿನಗಳಲ್ಲಿ ಆಂಗ್ಲರನ್ನು ಎದುರಿಸಿ ನಿಂತ ರಾಜಾ ವೆಂಕಟಪ್ಪ ನಾಯಕನ ಸುರಪುರ. ನೆಲವು ಜೋಳ, ತೊಗರಿ, ಹತ್ತಿಗಳನ್ನು ಬೆಳೆವ ಕಪ್ಪುಮಣ್ಣಿನದು. ನಾರಾಯಣಪುರದ ಬಸವಸಾಗರದಿಂದ ಕಾಲುವೆಯ ನೀರು ಹರಿದು ಬಂದೆಡೆಗಳಲ್ಲಿ ಈಗ ನೆಲ್ಲೂ ಉಂಟು. ಸಿರಿವಂತಿಕೆಗೆ ಹೆಸರಾದ ಸೀಮೆ ಇದಲ್ಲ; ಮಳೆ ತಪ್ಪಿದ ವರ್ಷ ದುಡಿಮೆಗಾಗಿ ದೂರದ ನಗರಗಳಿಗೆ ಗುಳೆ ಹೋಗುವ ಕುಟುಂಬಗಳು ಇಲ್ಲಿ ಅನೇಕ. ಹಾಗಿದ್ದರೂ, ಅಥವಾ ಹಾಗಿರುವುದರಿಂದಲೇ, ಬೆಲೆಯನ್ನು ನೆಚ್ಚದೆ ಬೆಲೆಬಾಳುವಂತೆ ಕೊಡುವ ವಿದ್ಯೆಯನ್ನು ಇಲ್ಲಿಯ ಜನ ಚೆನ್ನಾಗಿ ಬಲ್ಲರು.

ಅವರ ಪದ್ಧತಿಗಳನ್ನು ನೋಡಿರಿ. ಮನೆಗೆ ಬಂದವರು ಹೊರಟು ನಿಂತಾಗ, ‘ಹಾದಿಗಿ ಆಗ್ತದ, ತಗೊಂಡು ಹೋಗ್ರಿ’ ಎಂದು ಆಯಿಯು ಒಂದು ಬುತ್ತಿಯ ಗಂಟನ್ನು ಅವರ ಕೈಗಿಡುತ್ತಾಳೆ. ಅದರೊಳಗೆ ತಿಂಗಳೊಪ್ಪತ್ತು ಇಟ್ಟರೂ ಕೆಡದಂತೆ ಒಣಗಿಸಿದ ಜೋಳದ ಖಡಕ್ ರೊಟ್ಟಿ, ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಶೇಂಗಾದ ಹಿಂಡಿ, ಅಗಸಿಯ ಹಿಂಡಿ. ಹಬ್ಬದ ಆಸುಪಾಸಾದರೆ ಶೇಂಗಾ ಹೋಳಿಗೆ. ತವರಿಗೆ ಬಂದ ಮಗಳು ಗಂಡನ ಮನೆಗೆ ಹೊರಟಾಗಲಂತೂ, ಅಕ್ಕಿ, ಕೊಬ್ಬರಿಯ ಬಟ್ಟಲು, ಉತ್ತತ್ತಿ, ಅರಿಶಿನದ ಕೊಂಬು, ಎಲೆ ಅಡಿಕೆಗಳನ್ನು ಕುಬಸದ ಬಟ್ಟೆಯಾದ ಒಂದು ಖಣದೊಡನೆ ಸೆರಗಿಗೆ ಹಾಕಿ ಉಡಿ ತುಂಬದೆ ಕಳುಹಿಸುವುದೇ ಇಲ್ಲ. ವಿಜಯದಶಮಿಯ ಸಂಜೆ ಬನ್ನಿಯ ಎಲೆಯನ್ನು ಒಬ್ಬರಿಗೊಬ್ಬರು ಕೊಟ್ಟು, ‘ಬನ್ನಿ ತಗೊಂಡು ಬಂಗಾರದಂಗ ಇರೋಣ’ ಎನ್ನುವರು. ಕಿರಿಯರು ಮುತ್ಯಾನ, ಎಂದರೆ ಅಜ್ಜನ, ಕಾಲಿಗೆರಗುವರು. ಊರಿನ ಸಾಹುಕಾರನೂ ಕೂಲಿಯವನೂ ಅಂದು ಕೊಡುವುದು ಒಂದೇ ಎಲೆ. ಇನ್ನು ಮದುವೆಯಲ್ಲಿ ಬಂಧುಗಳು ಮಾಡುವ ಆಯೇರಿಯನ್ನು, ಎಂದರೆ ಉಡುಗೊರೆಯನ್ನು, ಮನೆಯವರೊಬ್ಬರು ಕುಳಿತು ಪುಸ್ತಕದಲ್ಲಿ ಬರೆದಿಡುವುದುಂಟು. ಆ ಬಂಧುಗಳ ಮನೆಯಲ್ಲಿ ಮದುವೆಯಾದಾಗ ಮುಯ್ಯಿ ತಪ್ಪಬಾರದೆಂಬುದೇ ಅದರ ಉದ್ದೇಶ. ಹೊರಲು ಹಗುರವಾದದ್ದು, ತನ್ನ ನೆಲದಲ್ಲಿ ತನ್ನವರ ಕೈಯಿಂದ ಆದದ್ದು, ಪಡೆದವರು ಸಂಕೋಚವಿಲ್ಲದೆ ಮರಳಿ ಸಲ್ಲಿಸಬಲ್ಲದ್ದು: ಇಲ್ಲಿಯ ಉಡುಗೊರೆಗಳ ಲಕ್ಷಣ ಇದು.

ಜಪಾನಿನ ಜನರ ನಡೆವಳಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಅಚ್ಚರಿಯೆನಿಸುವಷ್ಟು ಸಾಮ್ಯ ಕಂಡುಬರುತ್ತದೆ. ಪ್ರವಾಸದಿಂದ ಮರಳುವ ಜಪಾನೀಯನು ಮನೆಯವರಿಗೂ ನೆರೆಯವರಿಗೂ ಜೊತೆಯ ಕೆಲಸಗಾರರಿಗೂ ತಾನು ಹೋದ ಊರಿನ ವಿಶೇಷ ತಿನಿಸನ್ನು ತಂದು ಹಂಚುವುದನ್ನು ಕರ್ತವ್ಯವೆಂದೇ ಎಣಿಸುತ್ತಾನೆ. ಅದನ್ನು ಓಮಿಯಾಗೆ ಎಂದು ಕರೆಯುತ್ತಾರೆ. ವಸ್ತುಗಳನ್ನು ಚೌಕದ ಬಟ್ಟೆಯಲ್ಲಿ ಅಂದವಾಗಿ ಗಂಟುಕಟ್ಟಿ ಒಯ್ಯುವ ಫುರೋಶಿಕಿ ಎಂಬ ಕಲೆಯು ಆ ನಾಡಿನಲ್ಲಿ ಪುರಾತನವಾದದ್ದು. ಉಡುಗೊರೆಯೊಂದು ಬಂದರೆ ಅದಕ್ಕೆ ಪ್ರತಿಯಾಗಿ ಏನನ್ನಾದರೂ ಕಳುಹಿಸದೆ ಅವರ ಮನಸ್ಸಿಗೆ ಸಮಾಧಾನವಿಲ್ಲ. ಶುಭಾಶುಭ ಕಾರ್ಯಗಳಲ್ಲಿ ಬಂದ ಉಡುಗೊರೆಯ ಸುಮಾರು ಅರ್ಧದಷ್ಟು ಬೆಲೆಯದನ್ನು ಮರಳಿಸುವ ರೂಢಿಯೂ ಇದೆ. ಮದುವೆಯ ಮುಯ್ಯಿಗೆ ನೂರರ ಮೇಲೊಂದು ರೂಪಾಯಿ ಸೇರಿಸಿ ಬೆಸವಾಗಿಸುವ ನಮ್ಮವರನ್ನು ಕಂಡು ಅವರು ಬೆರಗಾಗಲಾರರು; ಸಮಸಂಖ್ಯೆಯು ಎರಡಾಗಿ ಒಡೆಯುವುದೆಂದು ಅವರೂ ಮದುವೆಯ ಹಣವನ್ನು ಬೆಸವಾಗಿಯೇ ಕೊಡುತ್ತಾರೆ. ನಾಲ್ಕು ಮತ್ತು ಒಂಬತ್ತು ಎಂಬ ಸಂಖ್ಯೆಗಳು ಅವರಿಗೆ ಮರಣವನ್ನೂ ಕ್ಲೇಶವನ್ನೂ ನೆನಪಿಸುವುದರಿಂದ, ಯಾವ ವಸ್ತುವನ್ನೂ ನಾಲ್ಕಾಗಿಯೋ ಒಂಬತ್ತಾಗಿಯೋ ಕೊಡಬೇಡಿರಿ. ಮೂರೋ ಐದೋ ಇರಲಿ. ನಮ್ಮ ಉಡಿಯಲ್ಲಿಯೂ ಐದಕ್ಕೇ ಮನ್ನಣೆ.

ಮರಳಿಸುವ ಈ ರೂಢಿಯಿಂದ ನಮ್ಮ ಆಯ್ಕೆಗೆ ಒಂದು ಮುಖ್ಯವಾದ ಎಚ್ಚರಿಕೆ ದೊರೆಯುತ್ತದೆ. ನಮ್ಮ ಸೀಮೆಯ ಹೆಮ್ಮೆಯ ವಸ್ತುವನ್ನೇ ಕೊಡಬೇಕೆಂದು ಹೊರಟರೆ ಮೊದಲು ನೆನಪಾಗುವುದು ಸುರಪುರದ ಚಿತ್ರಕಲೆ. ಅಲ್ಲಿಯ ನಾಯಕ ದೊರೆಗಳ ಆಶ್ರಯದಲ್ಲಿ ಗರುಡಾದ್ರಿ ಮನೆತನದವರೇ ಮೊದಲಾದ ಕಲಾವಿದರು ಬೆಳೆಸಿದ, ಸೂಕ್ಷ್ಮವಾದ ರೇಖೆಗಳ ಮೇಲೆ ಚಿನ್ನದ ಕೆಲಸ ಮಾಡಿದ ಆ ದೇವತಾಚಿತ್ರಗಳು, ಕಾನಜಾವಾ ನಗರದ ಚಿನ್ನದ ತಗಡಿನ ಕುಸುರಿಯನ್ನು ಬಲ್ಲ ಜಪಾನೀಯನ ಕಣ್ಣಿಗೆ ಹಬ್ಬವಾಗುವುದರಲ್ಲಿ ಸಂದೇಹವಿಲ್ಲ. ಬೀದರದ ಬಿದರಿ ವಸ್ತುವೂ ಅಂಥದೇ. ಸತು ತಾಮ್ರಗಳ ಮಿಶ್ರಲೋಹದಲ್ಲಿ ಬೆಳ್ಳಿಯ ಎಳೆಗಳನ್ನು ಕೂರಿಸಿ, ಬೀದರ ಕೋಟೆಯ ಮಣ್ಣಿನಿಂದ ಅದಕ್ಕೆ ಕಪ್ಪನ್ನು ತರುವ ಕೌಶಲ ಅನ್ಯಾದೃಶವಾದದ್ದು. ಆದರೆ ಇವುಗಳ ಬೆಲೆ ಹೆಚ್ಚು, ಬಿದರಿಯ ಭಾರವೂ ಹೆಚ್ಚು. ಇಂಥದನ್ನು ಪಡೆದ ಹದಿಹರೆಯದ ವಿದ್ಯಾರ್ಥಿಯು, ಇದಕ್ಕೆ ತಕ್ಕ ಪ್ರತ್ಯುಪಕಾರವನ್ನು ಹೇಗೆ ಸಲ್ಲಿಸಲೆಂದು ಚಿಂತಿಸುತ್ತ ವಿಮಾನವನ್ನು ಹತ್ತುವನು. ಇವನ್ನು ಅತಿಥಿಗೆ ತೋರಿಸಿ, ಅವುಗಳ ಕಥೆಯನ್ನು ಹೇಳಿ. ಕೊಡುವುದಕ್ಕೆ ಬೇರೆಯದನ್ನು ಹುಡುಕಿ.

ಹುಡುಕಿದಾಗ ನನಗೆ ಎಲ್ಲಕ್ಕಿಂತ ಮಿಗಿಲಾಗಿ ತೋರಿದ್ದು, ಸಂಕ್ರಾಂತಿಯಲ್ಲಿ ನಮ್ಮ ಕಡೆಯ ಮನೆಗಳಲ್ಲಿ ಹಂಚುವ ಕುಸುರೆಳ್ಳು. ಸಣ್ಣ ಉರಿಯ ಮೇಲಿನ ಹರಿವಾಣದಲ್ಲಿ ಎಳ್ಳನ್ನು ಹಾಕಿ, ಸಕ್ಕರೆಯ ಪಾಕವನ್ನು ಹನಿಹನಿಯಾಗಿ ಬಿಡುತ್ತ, ಬೆರಳುಗಳಿಂದ ಮೆಲ್ಲನೆ ಆಡಿಸುತ್ತ ಹೋದರೆ, ಒಂದೊಂದು ಕಾಳಿನ ಸುತ್ತಲೂ ಬೆಳ್ಳನೆಯ ಮುಳ್ಳುಗಳೆದ್ದು ಅದು ಸಿದ್ಧವಾಗುತ್ತದೆ. ಅವಸರ ಮಾಡಿದವರಿಗೆ ಮುಳ್ಳು ಏಳುವುದಿಲ್ಲ. ಇದನ್ನು ನಿಮ್ಮ ಅತಿಥಿಯ ಅಂಗೈಯಲ್ಲಿಟ್ಟು ನೋಡಿ. ‘ಇದು ನಮ್ಮ ಕೊಂಪೆಯಿತೋ ಅಲ್ಲವೇ!’ ಎಂದು ಅವರು ಉದ್ಗರಿಸಿದರೆ ಸೋಜಿಗವೇನಿಲ್ಲ. ಏಕೆಂದರೆ ಸಕ್ಕರೆಯ ಪಾಕವನ್ನು ಪದರಪದರವಾಗಿ ಏರಿಸಿ, ಮುಳ್ಳುಮುಳ್ಳಾಗಿ ಮಾಡುವ ಆ ಹೆಸರಿನ ಮಿಠಾಯಿಯು ಜಪಾನಿನ ಮಕ್ಕಳೆಲ್ಲರಿಗೂ ಪರಿಚಿತ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರೊಡನೆ ಅದು ಆ ನಾಡನ್ನು ಪ್ರವೇಶಿಸಿತು; 1569ರಲ್ಲಿ ಲೂಯಿಸ್ ಫ್ರೋಯಿಸ್ ಎಂಬ ಪಾದ್ರಿಯು ಓದಾ ನೊಬುನಾಗಾ ಎಂಬ ಪ್ರಬಲ ಸೇನಾನಿಗೆ ಗಾಜಿನ ಪಾತ್ರೆಯಲ್ಲಿ ಅದನ್ನು ಉಡುಗೊರೆಯಾಗಿ ಸಲ್ಲಿಸಿದ್ದು ಇತಿಹಾಸದಲ್ಲಿ ದಾಖಲಾಗಿದೆ. ಹಿಂದೆ ಅಲ್ಲಿಯೂ ಎಳ್ಳಿನ ಕಾಳನ್ನೇ ಒಳಗಿಟ್ಟು ಅದನ್ನು ಮಾಡುತ್ತಿದ್ದರು. ಜಪಾನಿನ ಅರಸುಮನೆತನವು ಶುಭಸಂದರ್ಭಗಳಲ್ಲಿ ಅತಿಥಿಗಳಿಗೆ ಚಿಕ್ಕ ಕರಡಿಗೆಗಳಲ್ಲಿ ಕೊಂಪೆಯಿತೋ ತುಂಬಿ ಕೊಡುವ ಪದ್ಧತಿಯನ್ನು ಇಂದಿಗೂ ಉಳಿಸಿಕೊಂಡಿದೆ. ಹೀಗೆ ಒಂದು ಹಿಡಿ ಕುಸುರೆಳ್ಳು ಅವರಿಗೆ ಹೊಸದೂ ಹೌದು, ಬಾಲ್ಯದಿಂದ ಬಲ್ಲದ್ದೂ ಹೌದು. ಪುಟ್ಟ ಪುಟ್ಟ ಕಾಗದದ ಪೊಟ್ಟಣಗಳಲ್ಲಿ ಬಿಡಿಬಿಡಿಯಾಗಿ ಕಟ್ಟಿಕೊಟ್ಟರೆ, ಮನೆಯವರಿಗೂ ಸಹಪಾಠಿಗಳಿಗೂ ಹಂಚುವ ಅವರ ಕರ್ತವ್ಯಕ್ಕೂ ಅದು ಒದಗಿಬರುವುದು.

ಅದರ ಜೊತೆಗೆ ಖಡಕ್ ರೊಟ್ಟಿ ಇರಲಿ. ಅಕ್ಕಿಯಿಂದ ಮಾಡಿ ಕೆಂಡದ ಮೇಲೆ ಸುಟ್ಟ ಸೆನ್‌ಬೆಯಿ ಎಂಬ ಗರಿಗರಿಯಾದ ತಿನಿಸನ್ನು ಚಹದೊಡನೆ ಮೆಲ್ಲುವ ಜನಕ್ಕೆ ನಮ್ಮ ಎಳ್ಳು ಹಚ್ಚಿದ ರೊಟ್ಟಿ ಹಿಡಿಸದಿರದು. ಒಡೆಯದಂತೆ ಗಟ್ಟಿಯಾದ ಡಬ್ಬಿಯಲ್ಲಿಡಬೇಕು, ಅಷ್ಟೆ. ಆದರೆ ಬುತ್ತಿಯೆಂದ ಮಾತ್ರಕ್ಕೆ ಎಲ್ಲವೂ ಸಲ್ಲದು. ಹಸಿಯ ಹಣ್ಣು, ಎಲೆ, ಬೀಜ, ಬೇಯಿಸದ ಧಾನ್ಯ ಇವು ತಪಾಸಣೆಯ ಪ್ರಮಾಣಪತ್ರವಿಲ್ಲದೆ ಜಪಾನಿನ ಗಡಿಯನ್ನು ದಾಟಲಾರವು. ಆದುದರಿಂದ ಮಾವಿನ ಹಣ್ಣನ್ನೂ ಬನ್ನಿಯ ಎಲೆಯನ್ನೂ ಉಡಿಯ ಅಕ್ಕಿಯನ್ನೂ ಅವರ ಚೀಲಕ್ಕೆ ಹಾಕದೆ, ಆ ಸಂಭ್ರಮವನ್ನು ನಿಮ್ಮ ಮನೆಯಲ್ಲಿಯೇ ಮುಗಿಸಿರಿ. ಚೂರಿ ಕತ್ತರಿಗಳನ್ನೂ ಕೊಡಬಾರದು. ಸಂಬಂಧವನ್ನು ಕತ್ತರಿಸುವ ಸೂಚನೆಯೆಂದು ಅವುಗಳನ್ನು ಅಲ್ಲಿ ವರ್ಜಿಸುವುದುಂಟು.

ಇವನ್ನು ಕಟ್ಟಲು ಬಣ್ಣದ ಕಾಗದವೇಕೆ? ಅಜ್ಜಿಯರ ಪೆಟ್ಟಿಗೆಯಲ್ಲಿ, ಉಡಿಯಲ್ಲಿ ಬಂದು ಕುಬಸವಾಗದೆ ಉಳಿದ ಗುಳೇದಗುಡ್ಡದ ಖಣವೊಂದು ಇದ್ದೇ ಇರುತ್ತದೆ. ಚಿಕ್ಕ ಚಿಕ್ಕ ಹೂಗಳನ್ನು ನೇಯ್ದು ಅಂಚು ಕಟ್ಟಿದ ಆ ಬಟ್ಟೆಯಲ್ಲಿ ಬುತ್ತಿಯನ್ನು ಗಂಟುಕಟ್ಟಿಕೊಟ್ಟರೆ, ಫುರೋಶಿಕಿಯ ನಾಡಿನವರು ಗಂಟನ್ನು ಬಿಚ್ಚಿ ತಿನಿಸನ್ನು ಹಂಚಿದ ಮೇಲೂ ಬಟ್ಟೆಯನ್ನು ಎಸೆಯುವುದಿಲ್ಲ. ಅದು ವರ್ಷಗಟ್ಟಲೆ ಅವರ ಬಳಕೆಯಲ್ಲಿರುತ್ತದೆ. ಚೀಲದಲ್ಲಿ ಸ್ಥಳವುಳ್ಳ ಅತಿಥಿಯಾದರೆ ಒಂದು ಪುಟ್ಟ ಕೌದಿಯನ್ನೂ ಕೊಡಬಹುದು. ಹಳೆಯ ಸೀರೆಗಳ ತುಂಡುಗಳನ್ನು ಪದರವಾಗಿ ಜೋಡಿಸಿ, ಎಳೆಎಳೆಯಾಗಿ ಹೊಲಿದು ನಮ್ಮ ಹೆಂಗಸರು ಮಾಡುವ ಕೌದಿಯಂತೆಯೇ, ಹಳೆಯ ಬಟ್ಟೆಗೆ ತೇಪೆ ಹಚ್ಚಿ ಬಿಳಿಯ ದಾರದಿಂದ ಹೊಲಿಯುವ ಸಾಶಿಕೋ ಎಂಬ ಕೆಲಸವನ್ನು ಜಪಾನಿನ ರೈತರ ಮನೆಯ ಹೆಂಗಸರು ಮಾಡುತ್ತಿದ್ದರು. ಮನೆಯಲ್ಲಿ ಚಿಕ್ಕ ತಮ್ಮ ತಂಗಿಯರುಳ್ಳ ಅತಿಥಿಗೆ ಚನ್ನಪಟ್ಟಣದ ಗೊಂಬೆ ಸೊಗಸು. ಕಳೆದ ಶತಮಾನದ ಆದಿಯಲ್ಲಿ ಬಾವಾಸ್ ಮಿಯಾನ್ ಎಂಬವರು ಜಪಾನಿನ ಅರಗಿನ ಕೆಲಸದ ವಿಧಾನವನ್ನು ಆ ಊರಿನ ಕುಶಲಿಗಳಿಗೆ ತಂದುಕೊಟ್ಟರು. ಆದ್ದರಿಂದ ಆ ಗೊಂಬೆಯನ್ನು ಕೊಡುವುದೆಂದರೆ ಹಳೆಯದೊಂದು ಮುಯ್ಯಿಯನ್ನು ತೀರಿಸಿದಂತೆಯೇ ಸರಿ.

ಇಷ್ಟಾದ ಮೇಲೆ ನಿಮ್ಮ ಕೈಯಿಂದಲೇ ಆಗಬೇಕಾದ, ಒಂದು ಚಿತ್ರ ಬರೆಯುವ ಕೆಲಸವಿದೆ. ದೂರದಿಂದ ನೋಡಿದರೆ ಶಹಾಪುರದ ಬೆಟ್ಟಸಾಲು ಮಲಗಿರುವ ಮನುಷ್ಯನ ಆಕಾರದಲ್ಲಿ ಕಾಣುತ್ತದೆ; ಜನ ಅದನ್ನು ಮಲಗಿದ ಬುದ್ಧನೆಂದು ಕರೆಯುತ್ತಾರೆ. ಅಲ್ಲಿಂದ ಅನತಿದೂರದಲ್ಲಿ, ಭೀಮಾ ತೀರದ ಸನ್ನತಿಯ ಬಳಿಯ ಕನಗನಹಳ್ಳಿಯಲ್ಲಿ, ಪುರಾತತ್ತ್ವ ಇಲಾಖೆಯು 1990ರ ದಶಕದಲ್ಲಿ ಉತ್ಖನನ ನಡೆಸಿದಾಗ, ಒಂದು ಮಹಾಸ್ತೂಪದ ಅವಶೇಷಗಳೂ ಅಶೋಕ ಚಕ್ರವರ್ತಿಯ ಹೆಸರನ್ನು ಬ್ರಾಹ್ಮಿಯಲ್ಲಿ ಕೆತ್ತಿದ ಶಿಲ್ಪವೂ ಬೆಳಕಿಗೆ ಬಂದುವು. ಬೌದ್ಧಧರ್ಮದ ಈ ಹೆಜ್ಜೆಗುರುತುಗಳು ಜಪಾನಿನವರೆಗೂ ಹೋಗಿವೆ: 752ರಲ್ಲಿ ನಾರಾ ನಗರದ ಮಹಾಬುದ್ಧನ ವಿಗ್ರಹಕ್ಕೆ ನೇತ್ರೋನ್ಮೀಲನ ಮಾಡಿದವನು ಬೋಧಿಸೇನನೆಂಬ ಭಾರತೀಯ ಭಿಕ್ಷು. ಸಂಸ್ಕೃತ ಮಂತ್ರಗಳ ಲಿಪಿಯನ್ನು ಅಭ್ಯಾಸ ಮಾಡಿದ ಜಪಾನೀ ಭಿಕ್ಷುಗಳಿಂದಾಗಿ ಅವರ ಕಾನಾ ಅಕ್ಷರಗಳ ಕೋಷ್ಟಕವೂ ನಮ್ಮ ವರ್ಣಮಾಲೆಯ ಕ್ರಮವನ್ನು ಅನುಸರಿಸಿತು. ಅಲ್ಲಿಯ ಮಗುವೂ ಮೊದಲು ಸ್ವರಗಳನ್ನು ಕಲಿತು, ಬಳಿಕ ಕಕಾರದಿಂದ ವ್ಯಂಜನಗಳನ್ನು ಆರಂಭಿಸುತ್ತದೆ. ಆದಕಾರಣ ಒಂದು ಕಾಗದದಲ್ಲಿ ಶಹಾಪುರದ ಬೆಟ್ಟವನ್ನು ನಿಮಗೆ ಬಂದಂತೆ ಬರೆದು, ಅದರ ಕೆಳಗೆ ಅತಿಥಿಯ ಹೆಸರನ್ನು ಕನ್ನಡದ ಅಕ್ಷರಗಳಲ್ಲಿಯೂ ಅವರ ಅಕ್ಷರಗಳಲ್ಲಿಯೂ ಜೊತೆಜೊತೆಯಾಗಿ ಬರೆಯಿರಿ. ಇದಕ್ಕೆ ಬೆಲೆಯೇ ಇಲ್ಲವಾದುದರಿಂದ ಪ್ರತಿಯಾಗಿ ಎಷ್ಟು ಕೊಡಲೆಂಬ ಲೆಕ್ಕವೂ ಅವರಿಗೆ ಇಲ್ಲ.

ಕೊಡುವಾಗ ಎರಡೂ ಕೈಗಳಿಂದ, ಕೊಂಚ ಬಾಗಿ ಕೊಡಿ. ಅವರು ಮೊದಲು ಬೇಡವೆಂದರೆ ಬೇಸರಿಸದಿರಿ. ನಮ್ಮ ಹಳ್ಳಿಯ ಬೀಗರೂ ಮೊದಲ ಸಲಕ್ಕೆ ಬೇಡವೆಂದೇ ಅನ್ನುವರು, ಮನೆಯವರು ಒತ್ತಾಯಿಸಿದ ಮೇಲೆಯೇ ಕೈಚಾಚುವರು. ಕೊಟ್ಟವರ ಎದುರಿನಲ್ಲಿ ಗಂಟನ್ನು ಬಿಚ್ಚದಿರುವುದು ಜಪಾನೀಯರಲ್ಲಿ ಅನೇಕರಿಗೆ ವಿನಯದ ಲಕ್ಷಣ. ಬಿಚ್ಚಿ ನೋಡೆಂದು ಅವಸರಪಡಿಸಬೇಡಿ. ಅತಿಥಿಯು ಬಂದ ಮೊದಲ ದಿನವೇ ತನ್ನ ಊರಿನಿಂದ ನಿಮಗಾಗಿ ಏನನ್ನೋ ತಂದಿರುವುದು ಬಹುಮಟ್ಟಿಗೆ ನಿಶ್ಚಯ. ನೀವು ಈಗ ಕೊಡುವುದು ಅದರ ಬೆಲೆಯನ್ನು ಸರಿದೂಗಿಸಲೆಂದಲ್ಲ. ಅವರು ಊರು ಸೇರಿದ ತರುವಾಯ ಅಂಚೆಯಲ್ಲಿ ಒಂದು ಪೊಟ್ಟಣ ಬಂದರೂ ಬಂದೀತು. ಆಗ ಅದಕ್ಕಿಂತ ದೊಡ್ಡದನ್ನು ಕಳುಹಿಸಿ ಮೇಲಾಗಲು ಹೋಗದೆ, ಒಂದು ಪತ್ರವನ್ನೂ ಮರುವರ್ಷದ ಸಂಕ್ರಾಂತಿಗೆ ಇನ್ನೊಂದು ಹಿಡಿ ಕುಸುರೆಳ್ಳನ್ನೂ ಕಳುಹಿಸಿರಿ. ಇಬ್ಬರಿಗೂ ಹೊರೆಯಾಗದ ಕೊಡುಕೊಳ್ಳುವಿಕೆಯು ಬಹುಕಾಲ ನಡೆಯುತ್ತದೆ. ನಮ್ಮ ಹಳ್ಳಿಗಳ ಮುಯ್ಯಿಯ ಪುಸ್ತಕಗಳು ಮೂರು ತಲೆಮಾರು ಕಳೆದರೂ ಮುಗಿಯದಿರುವುದಕ್ಕೆ ಕಾರಣ ಇದೇ.