ಹಡಗಿನ ತಳ ಕಾಯಲು ಹೊರಟ ಹಂಫ್ರಿ ಡೇವಿ

ಮಕ್ಕಳೇ, ತಾಮ್ರದ ಕೊಡವನ್ನು ಕೆಲವು ದಿನ ತಿಕ್ಕದೆ ಬಿಟ್ಟರೆ ಕಿಲುಬು ಹಿಡಿಯುವುದನ್ನು ನೀವು ನೋಡಿರಬಹುದು. ಹೊಲದಲ್ಲಿ ಮರೆತುಬಂದ ಕುಡಗೋಲಿಗೆ ತುಕ್ಕು ಹತ್ತುತ್ತದೆ. ತಂಬೂರಿನ ಮಳೆನೀರೇ ಲೋಹವನ್ನು ಹೀಗೆ ತಿನ್ನುವುದಾದರೆ, ಸದಾ ಉಪ್ಪುನೀರಿನಲ್ಲಿರುವ ಹಡಗಿನ ಗತಿ ಏನು? ಈ ಪ್ರಶ್ನೆಯ ಬೆನ್ನು ಹತ್ತಿದವರು ಇಂಗ್ಲೆಂಡಿನ ರಸಾಯನ ವಿಜ್ಞಾನಿ ಹಂಫ್ರಿ ಡೇವಿ.

ಡೇವಿ ಹುಟ್ಟಿದ್ದು 1778ರಲ್ಲಿ, ಪೆನ್ಝಾನ್ಸ್ ಎಂಬ ಕಡಲತೀರದ ಊರಿನಲ್ಲಿ. ತಂದೆ ಮರದ ಕೆತ್ತನೆ ಕೆಲಸದವರು. ಅವರು ತೀರಿಕೊಂಡ ಮೇಲೆ ಡೇವಿ ಒಬ್ಬ ವೈದ್ಯರ ಬಳಿ ಕೆಲಸ ಕಲಿಯಲು ಸೇರಿದರು. ರಸಾಯನ ವಿಜ್ಞಾನದ ಹುಚ್ಚು ಹತ್ತಿದ್ದು ಆಗಲೇ. 1807ರಲ್ಲಿ ವಿದ್ಯುತ್ ಹರಿಸಿ ಪೊಟ್ಯಾಸಿಯಂ, ಸೋಡಿಯಂ ಲೋಹಗಳನ್ನು ಬೇರ್ಪಡಿಸಿದರು. 1815ರಲ್ಲಿ ಗಣಿ ಕಾರ್ಮಿಕರಿಗಾಗಿ ಸುರಕ್ಷಾ ದೀಪ ರೂಪಿಸಿದರು. ಅವರ ಹೆಸರು ಹೆಚ್ಚಾಗಿ ಕೇಳಿಬರುವುದು ಈ ದೀಪದಿಂದಲೇ. ಹಡಗಿನ ಕಥೆ ಅದಕ್ಕಿಂತಲೂ ಸ್ವಾರಸ್ಯವಾದುದು.

ಆಗಿನ ಹಡಗುಗಳು ಮರದವು. ಮರ ಕೊರೆಯುವ ಕಡಲಜೀವಿಗಳಿಂದ ಕಾಪಾಡಲು ತಳಕ್ಕೆ ತಾಮ್ರದ ತಗಡು ಹೊಡೆಯುತ್ತಿದ್ದರು. ಉಪ್ಪುನೀರು ಆ ತಗಡನ್ನೇ ತಿನ್ನುತ್ತಿತ್ತು. 1823ರಲ್ಲಿ ಬ್ರಿಟಿಷ್ ನೌಕಾಪಡೆಯವರು ರಾಯಲ್ ಸೊಸೈಟಿಯ ನೆರವು ಕೇಳಿದರು. ಅದರ ಅಧ್ಯಕ್ಷರಾಗಿದ್ದ ಡೇವಿ ತಾವೇ ಪ್ರಯೋಗಕ್ಕಿಳಿದರು. ತಾಮ್ರಕ್ಕೆ ಸತುವಿನ ಅಥವಾ ಕಬ್ಬಿಣದ ಚಿಕ್ಕ ತುಂಡು ಜೋಡಿಸಿ ಸಮುದ್ರದ ನೀರಿನಲ್ಲಿಟ್ಟರು. ತುಂಡು ಸವೆಯಿತು, ತಾಮ್ರ ಉಳಿಯಿತು! ಟಾರ್ಚಿನ ಸೆಲ್ಲಿನಲ್ಲಿ ಆಗುವಂಥದೇ ಕ್ರಿಯೆ ಇದು. ಎರಡು ಲೋಹಗಳು ತಾಗಿಕೊಂಡಿದ್ದರೆ ಹೆಚ್ಚು ಚುರುಕಾದುದು ತಾನು ಕರಗಿ ಇನ್ನೊಂದನ್ನು ಉಳಿಸುತ್ತದೆ.

ಉಪಾಯವನ್ನು ನಿಜವಾದ ಹಡಗುಗಳ ಮೇಲೂ ಪರೀಕ್ಷಿಸಿದರು. ನಮ್ಮ ಕೊಚ್ಚಿಯಲ್ಲಿ ಕಟ್ಟಿದ ಸಮರಾಂಗ್ ಅವುಗಳಲ್ಲೊಂದು. ತಾಮ್ರವೇನೋ ಉಳಿಯಿತು, ಆದರೆ ಹಡಗುಗಳ ತಳಕ್ಕೆ ಪಾಚಿ, ಚಿಪ್ಪುಜೀವಿಗಳು ದಟ್ಟವಾಗಿ ಅಂಟಿಕೊಂಡು ವೇಗ ಕುಗ್ಗಿತು. ಏಕೆ ಗೊತ್ತೇ? ಸವೆಯುತ್ತಾ ನೀರಿಗೆ ಸೇರುವ ತಾಮ್ರವೇ ಆ ಜೀವಿಗಳಿಗೆ ವಿಷ. ಸವೆತ ನಿಂತಾಗ ವಿಷವೂ ನಿಂತಿತು. ನೌಕಾಪಡೆ ತುಂಡುಗಳನ್ನು ತೆಗೆಸಿತು. ಡೇವಿ ಬಹಳ ನೊಂದುಕೊಂಡರು. 1829ರಲ್ಲಿ ಜಿನೀವಾದಲ್ಲಿ ತೀರಿಕೊಂಡಾಗ ಅವರಿಗೆ 50 ವರ್ಷ.

ಮುಂದೆ ಉಕ್ಕಿನ ಹಡಗುಗಳು ಬಂದವು. ಇಲ್ಲಿ ಉಕ್ಕು ಉಳಿದರೆ ಸಾಕು. ಪಾಚಿ ತಡೆಯಲು ಬೇರೆ ಬಣ್ಣವಿದೆ. ಹೀಗಾಗಿ ಡೇವಿಯವರ ಉಪಾಯ ಮತ್ತೆ ಬಳಕೆಗೆ ಬಂತು.

ಕಲಘಟಗಿಯಿಂದ ಯಲ್ಲಾಪುರದ ರಸ್ತೆ ಹಿಡಿದು ಘಟ್ಟ ಇಳಿದು ಮುಂದೆ ಹೋದರೆ ಕಾರವಾರ. ಅಲ್ಲಿನ ಕದಂಬ ನೌಕಾನೆಲೆಯಲ್ಲಿ ಹಡಗನ್ನೇ ನೀರಿನಿಂದ ಮೇಲೆತ್ತುವ ಭಾರಿ ಯಂತ್ರವಿದೆ. ಹಡಗು ಎಲ್ಲಿಯೇ ಹೀಗೆ ಮೇಲೆ ಬಂದರೂ ಪರೀಕ್ಷಕರು ಅದರ ಒಡಲನ್ನು ಸುತ್ತಿಗೆಯಿಂದ ತಟ್ಟಿ ಸದ್ದು ಕೇಳುತ್ತಾರೆ. ಶ್ರವಣಾತೀತ ಧ್ವನಿ ಕಳಿಸಿ ಉಕ್ಕಿನ ದಪ್ಪ ಅಳೆಯುತ್ತಾರೆ. ಸತುವಿನ ತುಂಡುಗಳನ್ನೂ ನೋಡುತ್ತಾರೆ. ಬಹಳ ಸವೆದಿದ್ದರೆ ಹೊಸದನ್ನು ಹಾಕಿಸುತ್ತಾರೆ. ಚೂರೂ ಸವೆದಿಲ್ಲದಿದ್ದರೆ ಅವರಿಗೆ ಅನುಮಾನ: ತುಂಡು ಉಕ್ಕಿಗೆ ಸರಿಯಾಗಿ ತಾಗಿಲ್ಲ, ಇಲ್ಲವೇ ಯಾರೋ ಅದಕ್ಕೂ ಬಣ್ಣ ಬಳಿದುಬಿಟ್ಟಿದ್ದಾರೆ!