ಗಾಯದ ಪಟ್ಟಿಯನ್ನು ಶುದ್ಧಮಾಡಿದ ಜೋಸೆಫ್ ಲಿಸ್ಟರನು

ಹೇರು ಹೊತ್ತ ಬಂಡಿಯ ಗಾಲಿಯು ಕಾಲಿನ ಮೇಲೆ ಹಾದರೆ ಏನಾಗುವದೆಂಬದನ್ನು ಸಿರುಗುಪ್ಪದ ಭತ್ತದ ಸೀಮೆಯವರಿಗಾಗಲಿ ಕುರುಗೋಡಿನ ಎರೆಹೊಲದವರಿಗಾಗಲಿ ನಾವು ತಿಳಿಸಬೇಕಾದದ್ದಿಲ್ಲ. 1865ನೆಯ ಆಗಸ್ಟ್ 12ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ಪಟ್ಟಣದ ಆಸ್ಪತ್ರೆಗೆ ಅಂಥದೇ ಗಾಯಗೊಂಡ ಜೇಮ್ಸ್ ಗ್ರೀನ್‌ಲೀಸ್ ಎಂಬ 11 ವರುಷದ ಹುಡುಗನನ್ನು ತಂದರು. ಎಲುಬು ಮುರಿದು ಚರ್ಮವೂ ಹರಿದಿತ್ತು. ಆ ಕಾಲದಲ್ಲಿ ಇಂಥ ಗಾಯವು ಕೊಳೆಯುವದೇ ವಾಡಿಕೆಯಾದಕಾರಣ ಕಾಲನ್ನೇ ಕತ್ತರಿಸುತ್ತಿದ್ದರು. ಕಾಲು ಹೋದ ಮೇಲೂ ಅನೇಕರು ಉಳಿಯುತ್ತಿರಲಿಲ್ಲ. ಹುಡುಗನಿಗೆ ಚಿಕಿತ್ಸೆ ಮಾಡಿದವನು ಅಲ್ಲಿನ ಶಸ್ತ್ರವೈದ್ಯನಾದ ಜೋಸೆಫ್ ಲಿಸ್ಟರನು.

ಈತನು 1827ನೆಯ ಏಪ್ರಿಲ್ 5ರಂದು ಲಂಡನ್ನಿನ ಸಮೀಪದ ಅಪ್ಟನ್ ಎಂಬಲ್ಲಿ ಕ್ವೇಕರ್ ಮನೆತನದಲ್ಲಿ ಹುಟ್ಟಿದನು. ದ್ರಾಕ್ಷಾರಸದ ವ್ಯಾಪಾರಿಯಾಗಿದ್ದ ತಂದೆಯು ಸೂಕ್ಷ್ಮದರ್ಶಕ ಯಂತ್ರವನ್ನು ಉತ್ತಮಪಡಿಸಿ ಹೆಸರುಗೊಂಡವನು. ಕಣ್ಣಿಗೆ ಕಾಣದ್ದನ್ನು ವಿಚಾರಿಸುವ ಅಭ್ಯಾಸವು ಮಗನಿಗೆ ಮನೆಯಲ್ಲೇ ಬಂತೆನ್ನಬಹುದು. ಕೆಟ್ಟ ಗಾಳಿಯೇ ಗಾಯವನ್ನು ಕೊಳೆಸುತ್ತದೆಂದು ಬಹುಮಂದಿ ವೈದ್ಯರು ನಂಬಿದ್ದಾಗ, ಫ್ರಾನ್ಸಿನ ಪಾಸ್ತರನ ಬರಹಗಳನ್ನೋದಿದ ಲಿಸ್ಟರನು ಸೂಕ್ಷ್ಮಜೀವಿಗಳೇ ಅದಕ್ಕೆ ಕಾರಣವೆಂದು ನಿಶ್ಚಯಿಸಿದನು. ಇಂಗ್ಲೆಂಡಿನ ಕಾರ್ಲೈಲ್ ಊರಿನಲ್ಲಿ ಚರಂಡಿಯ ದುರ್ನಾತ ಕಳೆಯಲು ಹಾಕುತ್ತಿದ್ದ ಕಾರ್ಬಾಲಿಕ್ ಆಮ್ಲದಲ್ಲಿ ಬಟ್ಟೆಯನ್ನದ್ದಿ ಹುಡುಗನ ಗಾಯಕ್ಕೆ ಕಟ್ಟಿದನು. ನಾಲ್ಕು ದಿನದ ಮೇಲೆ ಬಿಚ್ಚಿ ನೋಡಿದಾಗ ಕೀವಿನ ವಾಸನೆಯೇ ಇರಲಿಲ್ಲ. ಆರು ವಾರಗಳಲ್ಲಿ ಎಲುಬು ಕೂಡಿತು.

ಮುಂಚೆ ಆತನ ವಾರ್ಡುಗಳಲ್ಲಿ ಕೈಕಾಲು ಕತ್ತರಿಸಲ್ಪಟ್ಟ 35 ಜನರಲ್ಲಿ 16 ಮಂದಿ ಸತ್ತಿದ್ದರು. ಹೊಸ ಕ್ರಮ ಬಂದ ಮೇಲೆ 40 ಜನರಲ್ಲಿ 6 ಮಂದಿ ಮಾತ್ರ. ಮುಂದೆ ಆತನು ಕಾರ್ಬಾಲಿಕ್ಕನ್ನು ರಾಳದೊಡನೆ ಬೆರಸಿ ಜಾಳುಬಟ್ಟೆಗೆ ಹಿಡಿಸಿ, ಎಂಟು ಪದರಾಗಿ ಮಡಚಿ ಕಟ್ಟುವದನ್ನು ರೂಢಿಮಾಡಿದನು.

ಹತ್ತಿ ಬೆಳೆಯುವ ನಮ್ಮ ಸೀಮೆಯವರು ಇಲ್ಲಿ ಒಂದನ್ನು ಗಮನಿಸಬೇಕು. ಹೊಲದಿಂದ ಬಿಡಿಸಿದ ಹತ್ತಿಯನ್ನು ಗಾಯಕ್ಕೆ ಒತ್ತಬಾರದು. ಅದರಲ್ಲಿ ಸಹಜವಾದ ಮೇಣವಿರುವದರಿಂದ ರಕ್ತವನ್ನು ಚೆನ್ನಾಗಿ ಹೀರದು, ಧೂಳೂ ಅಂಟಿರುತ್ತದೆ. ಕ್ಷಾರದಲ್ಲಿ ಕುದಿಸಿ ಮೇಣ ತೆಗೆದು ಬಿಳುಪುಮಾಡಿದ ಮೇಲೆಯೇ ಅದು ಬಳ್ಳಾರಿಯ ಔಷಧದಂಗಡಿಯಲ್ಲಿ ನೀಲಿ ಕಾಗದ ಸುತ್ತಿ ಮಾರುವ ಹತ್ತಿಯಾಗುತ್ತದೆ.

ಲಿಸ್ಟರನ ಎಣಿಕೆಯೆಲ್ಲವೂ ಸರಿಯಾಗಿರಲಿಲ್ಲ. ಶಸ್ತ್ರಕ್ರಿಯೆಯ ಕಾಲದಲ್ಲಿ ಗಾಳಿಗೆಲ್ಲ ಕಾರ್ಬಾಲಿಕ್ ತುಂತುರನ್ನು ಹಾರಿಸುತ್ತಿದ್ದನು. ಅದರಿಂದ ವೈದ್ಯರ ಕೈಗಳು ಉರಿದವೇ ಹೊರತು ಹೆಚ್ಚು ಪ್ರಯೋಜನವಾಗಲಿಲ್ಲ. ತಲೆಗೆ ಟೊಪ್ಪಿಗೆ, ಬಾಯಿಗೆ ಮುಸುಕು ಧರಿಸುವ ನೇಮವನ್ನು ನಡಿಸಿದವರು ಬೇರೆಯವರು. 1890ರಲ್ಲಿ ಬರ್ಲಿನ್ನಿನ ವೈದ್ಯರ ಮಹಾಸಭೆಯಲ್ಲಿ, ತುಂತುರಿನ ವಿಷಯದಲ್ಲಿ ತಾನು ನಾಚುವೆನೆಂದು ಆತನೇ ಒಪ್ಪಿಕೊಂಡನು. ಇಂಥ ಮಾತು ಹೆಸರಾದವರ ಬಾಯಿಂದ ಬರುವದು ಅಪರೂಪವೆಂದು ನಾವು ಎಣಿಸುತ್ತೇವೆ.

ಆತನ ಟಿಪ್ಪಣಿಗಳನ್ನು ಬರೆಯುತ್ತಾ ಪ್ರಯೋಗಗಳಲ್ಲಿ ನೆರವಾಗುತ್ತಿದ್ದ ಪತ್ನಿ ಆಗ್ನೆಸಳು 1893ರಲ್ಲಿ ತೀರಿಕೊಂಡಳು. ಮಕ್ಕಳಿರಲಿಲ್ಲ. 1912ನೆಯ ಫೆಬ್ರವರಿ 10ರಂದು ಲಿಸ್ಟರನೂ ನಿಧನಹೊಂದಲು, ವೆಸ್ಟ್‌ಮಿನ್‌ಸ್ಟರ್ ದೇವಾಲಯದಲ್ಲಿ ಪ್ರಾರ್ಥನೆ ನಡೆದ ಮೇಲೆ, ಆತನ ಇಷ್ಟದಂತೆ ಪತ್ನಿಯ ಸಮಾಧಿಯ ಮಗ್ಗುಲಲ್ಲಿ ಹೂಳಿದರು.